ದಸರೆಗೆ ಮೈಸೂರು ಬಿಟ್ಟು ರಾಯಚೂರಿಗೆ

ದಸರಾ ರಜೆ ಬಂದರೆ ಎಲ್ಲರೂ ಮೈಸೂರಿಗೆ ಬರುತ್ತಾರೆ. ಪ್ರತಿ ವರ್ಷ ನಮ್ಮ ನಡುಮನೆ ತುಂಬ ಹಾಸಿಗೆ, ಬೆಳಗ್ಗೆ ಬಚ್ಚಲಿಗೆ ಕ್ಯೂ, ಸಂಜೆ ದೀಪ ನೋಡಲು ಹೋಗಿ ಸಯ್ಯಾಜಿರಾವ್ ರಸ್ತೆಯ ಜನರ ನಡುವೆ ದಾರಿ ತಪ್ಪಿದ ಯಾರಾದರೊಬ್ಬರ ಫೋನು. ಈ ಸಲ ನಾನೇ ಊರು ಬಿಟ್ಟೆ. 8ನೇ ಕ್ಲಾಸಿನ ಮಗಳು, 4ನೇ ಕ್ಲಾಸಿನ ಮಗ, ಎರಡು ಬ್ಯಾಗು, ಒಂದು ಕೆಜಿ ಮೈಸೂರು ಪಾಕು, ಅಮ್ಮ ಒದ್ದೆ ಬಟ್ಟೆಯಲ್ಲಿ ಸುತ್ತಿ ಕೊಟ್ಟ ಒಂದು ಕಟ್ಟು ವೀಳ್ಯದೆಲೆ. ಯಜಮಾನರಿಗೆ ರಜೆ ಇಲ್ಲ. ಅವರದು ಬಸ್ ಡಿಪೋ ಕೆಲಸ, ದಸರಾ ಹೊತ್ತಿಗೆ ರಜೆ ಕೇಳಿದರೆ ಅಲ್ಲಿ ನಗುತ್ತಾರಂತೆ.

ಹೋಗಿದ್ದು ಅಕ್ಕನ ಮನೆಗೆ. ಅವಳು ರಾಯಚೂರಿಗೆ ಹೋಗಿ 18 ವರ್ಷ ಆಯಿತು. ಭಾವ ಮಾನಸಗಂಗೋತ್ರಿಗೆ ಎಂಎ ಓದಲು ಬಂದವರು, ಅಲ್ಲೇ ಪರಿಚಯ, ಆಮೇಲೆ ನಮ್ಮ ಮನೆಯಲ್ಲಿ ಗಲಾಟೆ, ಆಮೇಲೆ ಮದುವೆ. ಅಪ್ಪ ಮದುವೆಗೆ ಬಂದರು, ಅಕ್ಷತೆಯನ್ನೂ ಹಾಕಿದರು. ಆದರೆ ಇವತ್ತಿನವರೆಗೂ ರಾಯಚೂರಿಗೆ ಕಾಲಿಟ್ಟಿಲ್ಲ. ಕೇಳಿದರೆ "ಅಲ್ಲಿ ಬಿಸಿಲು ಜಾಸ್ತಿ" ಅನ್ನುತ್ತಾರೆ. ನಾನು ಎರಡು ಸಲ ಹೋಗಿದ್ದೆ, ಎರಡು ಸಲವೂ ಬೆಳಗ್ಗೆ ಇಳಿದು ರಾತ್ರಿ ರೈಲು ಹತ್ತಿದ್ದೆ. ರಜೆ ಬಂದರೆ ಅಕ್ಕನೇ ಮಗನನ್ನು ಕರೆದುಕೊಂಡು ಮೈಸೂರಿಗೆ ಬರುವುದು, ಅದೇ ರೂಢಿ. ಹೋದ ಸಲ ಫೋನಿನಲ್ಲಿ ಅವಳು, "ನೀವ್ ಬರಂಗಿಲ್ಲ ಬಿಡ್ರಿ" ಅಂದಳು. ಬಿಡ್ರಿ ಅಂದಿದ್ದು ಚುಚ್ಚಿತು. ಒಡಹುಟ್ಟಿದ ತಂಗಿಗೆ ಯಾರಾದರೂ ಬಹುವಚನ ಹಾಕುತ್ತಾರಾ? ಅವತ್ತೇ ಟಿಕೆಟ್ ಬುಕ್ ಮಾಡಿದೆ.

ಮೊದಲ ದಿನ

ಬಸವ ಎಕ್ಸ್‌ಪ್ರೆಸ್ ಮೈಸೂರಿನಿಂದಲೇ ಹೊರಡುತ್ತದೆ, ಅದೊಂದು ಅನುಕೂಲ. ಬೆಂಗಳೂರು, ಗುಂತಕಲ್, ಆದೋನಿ, ಮಂತ್ರಾಲಯಂ ರೋಡ್ ದಾಟಿದರೆ ರಾಯಚೂರು. ಆ ರೈಲು ಅಲ್ಲಿಗೆ ನಿಲ್ಲುವುದಿಲ್ಲ. ಕಲಬುರಗಿ, ಸೊಲ್ಲಾಪುರ, ವಿಜಯಪುರ ಮುಗಿಸಿ ಬಾಗಲಕೋಟೆಗೆ ಹೋಗುತ್ತದೆ. ಮಗಳು ಫೋನಿನಲ್ಲಿ ಮ್ಯಾಪ್ ತೆಗೆದು, ಮೈಸೂರಿನಿಂದ ಬಾಗಲಕೋಟೆಗೆ ಹೋಗಲು ಆಂಧ್ರ, ಮಹಾರಾಷ್ಟ್ರ ಎರಡನ್ನೂ ಯಾಕೆ ಸುತ್ತಬೇಕು ಅಂತ ಕೇಳಿದಳು. ಕೊಂಕಣ ಸುತ್ತಿ ಮೈಲಾರಕ್ಕೆ ಬರುವುದು ಅಂದರೆ ಇದೇ ಕಣೇ ಅಂದೆ.

ನಮ್ಮ ಮೂರು ಬರ್ತುಗಳಲ್ಲಿ ಎರಡು ಒಂದು ಬೋಗಿಯಲ್ಲಿ, ಇನ್ನೊಂದು ಬೇರೆ ಬೋಗಿಯಲ್ಲಿ. ಮೂರರಲ್ಲಿ ಒಂದೂ ಲೋಯರ್ ಅಲ್ಲ. ಮಂಡ್ಯ ಬರುವವರೆಗೂ ಬ್ಯಾಗು ಹೊತ್ತು ಅತ್ತಿಂದಿತ್ತ ಓಡಾಡಿದ್ದೇ ಆಯಿತು. ಕೊನೆಗೆ ಒಬ್ಬ ಹುಡುಗ, "ಅಕ್ಕಾ, ನೀವ್ ಇಲ್ಲೇ ಇರ್ರಿ, ನಾ ಹೋಗ್ತೀನಿ" ಅಂತ ಬರ್ತು ಬಿಟ್ಟುಕೊಟ್ಟ. ಆ ಮಾತಿನ ಧಾಟಿ ಕೇಳಿಯೇ ನಾವು ಸರಿಯಾದ ರೈಲು ಹತ್ತಿದ್ದೇವೆ ಅಂತ ಗ್ಯಾರಂಟಿಯಾಯಿತು.

ಬೆಂಗಳೂರಿನಲ್ಲಿ ಜನ ನುಗ್ಗಿದರು. ಬಾಗಿಲ ಹತ್ತಿರ, ಬೇಸಿನ್ ಹತ್ತಿರ, ಎಲ್ಲೆಲ್ಲೂ ಜನ. ಹೆಚ್ಚಿನವರು ಕಟ್ಟಡ ಕೆಲಸದವರು, ಹಬ್ಬಕ್ಕೆ ಯಾದಗಿರಿ, ರಾಯಚೂರು ಕಡೆಯ ಊರಿಗೆ ಹೊರಟವರು. ನಮ್ಮ ಸೀಟಿನ ಕೆಳಗೇ ಪ್ಲಾಸ್ಟಿಕ್ ಚೀಲ ಹಾಸಿ ಕೂತ ಒಬ್ಬ ಹೆಂಗಸು ಒಂಬತ್ತನೇ ಮಹಡಿಯ ಗಿಲಾವು ಕೆಲಸದ ಬಗ್ಗೆ ಹೇಳುತ್ತಾ ಹೋದಳು. ಮೇಲೆ ಹೋಗಲು ಲಿಫ್ಟ್ ಇನ್ನೂ ಹಾಕಿಲ್ಲವಂತೆ, ಹಾಕುವ ಹೊತ್ತಿಗೆ ಇವರು ಬೇರೆ ಕಟ್ಟಡಕ್ಕೆ ಹೋಗಿರುತ್ತಾರಂತೆ. ಅದನ್ನು ಹೇಳಿ ತಾನೇ ನಕ್ಕಳು. ಗಂಟು ಬಿಚ್ಚಿ ಮಗನಿಗೆ ಕಡಕ್ ರೊಟ್ಟಿ, ಶೇಂಗಾ ಹಿಂಡಿ (ಚಟ್ನಿಪುಡಿ) ಕೊಟ್ಟಳು. ಅವನು ಹಪ್ಪಳ ಅಂದುಕೊಂಡು ಕಡಿದ.

ಮೊಬೈಲಿಗೆ ಆಂಧ್ರಕ್ಕೆ ಸ್ವಾಗತ ಅನ್ನುವ ಮೆಸೇಜು ಬಂತು. ತುಂಗಭದ್ರೆ ದಾಟಿದ ಮೇಲೆ ಕರ್ನಾಟಕಕ್ಕೆ ಸ್ವಾಗತ ಅಂತ ಇನ್ನೊಂದು ಬಂತು. ಹೊಳೆ ನೋಡಬೇಕು ಅಂದಿದ್ದ ಮಕ್ಕಳಿಬ್ಬರೂ ಬಾಯಿ ತೆರೆದು ಮಲಗಿದ್ದರು. ರಾಯಚೂರಿನಲ್ಲಿ ಇಳಿದಾಗ ನಡುರಾತ್ರಿ ಕಳೆದು ಎಷ್ಟೋ ಹೊತ್ತಾಗಿತ್ತು. ಪ್ಲಾಟ್‌ಫಾರ್ಮಿನಲ್ಲಿ ಭಾವ, ಪಕ್ಕದಲ್ಲಿ ಅವರಷ್ಟೇ ಎತ್ತರ ಬೆಳೆದಿರುವ ಅಕ್ಕನ ಮಗ. "ಬರ್ರಿ ಚಿಗವ್ವ" ಅಂತ ಬ್ಯಾಗು ಕಿತ್ತುಕೊಂಡ.

ಎರಡನೇ ದಿನ

ಎದ್ದಾಗ ಹತ್ತು ಗಂಟೆ. ಎಬ್ಬಿಸಿದ್ದು ಸದ್ದು: ಪಟ ಪಟ ಪಟ ಅಂತ ಒಂದೇ ಲಯದಲ್ಲಿ. ಅಡುಗೆಮನೆಯಲ್ಲಿ ಅಕ್ಕ ರೊಟ್ಟಿ ಬಡಿಯುತ್ತಿದ್ದಳು. ಮೈಸೂರಲ್ಲಿದ್ದಾಗ ಮುದ್ದೆ ತಿರುವಲು ಹೇಳಿದರೆ ಕೈ ಸುಡುತ್ತೆ ಅಂತ ಓಡುತ್ತಿದ್ದವಳು. ಈಗ ಜೋಳದ ಹಿಟ್ಟು ನಾದಿ, ಬಡಿದು, ಅಂಗೈ ಮೇಲೆ ಎತ್ತಿ ಹಂಚಿಗೆ ಹಾಕಿ, ನೀರು ಸವರಿ ತಿರುವಿ ಹಾಕುವವರೆಗೂ ನನ್ನ ಜೊತೆ ಮಾತು ನಿಲ್ಲಿಸಲಿಲ್ಲ, ಒಂದು ಸಲವೂ ಹಂಚಿನ ಕಡೆ ನೋಡಲಿಲ್ಲ. ಮಗಳು ನಾನೂ ಮಾಡುತ್ತೇನೆ ಅಂತ ಕೂತಳು. ಬಡಿಯುವುದೇನೋ ಆಯಿತು, ಎತ್ತಲು ಹೋದರೆ ಅರ್ಧ ಕೈಗೆ ಬಂತು, ಅರ್ಧ ಅಲ್ಲೇ ಉಳಿಯಿತು. ಅಕ್ಕನ ಅತ್ತೆ ಬಾಗಿಲಲ್ಲಿ ಕೂತು ನೋಡುತ್ತಿದ್ದರು. "ನಿನ್ನ ದೊಡ್ಡಮ್ಮನೂ ಹಿಂಗ ಮಾಡ್ತಿದ್ಲವ್ವ, ಮೊದಲನೇ ವರ್ಷ ನಾವು ಬರೇ ಚೂರು ತಿಂದೀವಿ" ಅಂದರು.

ಊಟಕ್ಕೆ ಪುಂಡಿಪಲ್ಯ, ಎಣ್ಣೆಗಾಯಿ, ಮೊಸರು. ಪುಂಡಿಪಲ್ಯದ ಹುಳಿಗೆ ನನಗೆ ಒಂದು ಕಣ್ಣು ಮುಚ್ಚಿಹೋಯಿತು, ಆದರೂ ಮೂರು ಸಲ ಹಾಕಿಸಿಕೊಂಡೆ. ಮಗ ಮಾತ್ರ ಮೊಸರನ್ನ ಬಿಟ್ಟು ಬೇರೇನೂ ಮುಟ್ಟಲಿಲ್ಲ.

ಬಿಸಿಲಿನ ವಿಷಯದಲ್ಲಿ ಅಪ್ಪ ಹೇಳುವುದು ಸುಳ್ಳಲ್ಲ. ಅಕ್ಟೋಬರಿನಲ್ಲೂ ಮಧ್ಯಾಹ್ನ ಅಂಗಳದಲ್ಲಿ ಬರಿಗಾಲಲ್ಲಿ ನಿಲ್ಲಲು ಆಗುವುದಿಲ್ಲ. ಅದರ ಮೇಲೆ ಕರೆಂಟು ಹೋಯಿತು, ಎರಡು ತಾಸು ಬರಲಿಲ್ಲ. ಮನೆಯೊಳಗೆ ಶಹಾಬಾದ್ ಪರ್ಸಿ ಹಾಸಿದ್ದರಿಂದ ನೆಲ ತಣ್ಣಗಿತ್ತು, ಎಲ್ಲರೂ ಅಲ್ಲೇ ಉದ್ದಕ್ಕೆ ಮಲಗಿದೆವು. ಹಾಗೆ ಮಲಗಿದ್ದಾಗ ಮಕ್ಕಳಿಗೆ ಮಾತಿನ ಆಟ ಶುರುವಾಯಿತು. ನಮ್ಮ ಈರುಳ್ಳಿ ಇಲ್ಲಿ ಉಳ್ಳಾಗಡ್ಡಿ. ಕಡಲೆಕಾಯಿ ಶೇಂಗಾ. ಕಡಲೆಪುರಿ ಮಂಡಕ್ಕಿ. ಸ್ನಾನ ಜಳಕ. ತರಕಾರಿ ಕಾಯಿಪಲ್ಯ. ಅಜ್ಜಿ ನಡುವೆ ನಡುವೆ ಉರ್ದು ಮಾತು ಸೇರಿಸುತ್ತಿದ್ದರು. ಯಾಕಜ್ಜಿ ಅಂತ ಮಗಳು ಕೇಳಿದ್ದಕ್ಕೆ, ತಾನು ಸಣ್ಣಾಕಿ ಇದ್ದಾಗ ಈ ಊರು ಹೈದರಾಬಾದ್ ನಿಜಾಮರದು, ತನ್ನ ಅಣ್ಣ ಸಾಲಿ ಕಲಿತಿದ್ದೇ ಉರ್ದುವಿನಲ್ಲಿ ಅಂದರು. ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ್ದು 1948ರ ಸೆಪ್ಟೆಂಬರಿನಲ್ಲಿ. ಇಲ್ಲಿಯವರು ಈಗಲೂ ಸೆಪ್ಟೆಂಬರ್ 17ಕ್ಕೆ ಬಾವುಟ ಏರಿಸುತ್ತಾರೆ. 1956ರಲ್ಲಿ ರಾಯಚೂರು ಕನ್ನಡದ ರಾಜ್ಯಕ್ಕೆ ಬಂತು.

"ಆಮ್ಯಾಲ ನಾವೂ ಮೈಸೂರಿನವ್ರ ಆದ್ವಿ" ಅಂದರು ಅಜ್ಜಿ.

ಮಗನಿಗೆ ಅರ್ಥವಾಗಲಿಲ್ಲ. 1973ರವರೆಗೆ ನಮ್ಮ ಇಡೀ ರಾಜ್ಯದ ಹೆಸರೇ ಮೈಸೂರು ಆಗಿತ್ತು ಅಂತ ಭಾವ ಬಿಡಿಸಿ ಹೇಳಿದರು. ಹಾಗಾದರೆ ಅಜ್ಜಿ ಮೈಸೂರಿನವರು, ತಾತ ಯಾಕೆ ಇಲ್ಲಿಗೆ ಬರಲ್ಲ ಅಂದ ಮಗ. ಯಾರೂ ಉತ್ತರ ಕೊಡಲಿಲ್ಲ. ಅಕ್ಕ ಚಾ ಮಾಡಲು ಎದ್ದಳು.

ಸಂಜೆ ತೀನ್ ಕಂದೀಲ್ ಕಡೆ ಹೋದೆವು. ಹಬ್ಬದ ಮುಂಚಿನ ಪೇಟೆ, ಕಾಲಿಡಲು ಜಾಗ ಇಲ್ಲ. ಮಂಡಕ್ಕಿ ಒಗ್ಗರಣೆ, ಬಿಸಿ ಮಿರ್ಚಿ ತಿಂದೆವು. ಇಲ್ಲಿ ಮಿರ್ಚಿ ಅಂದರೆ ಸುಮ್ನೆ ಬಾಯಾಡಿಸಲು ಅಲ್ಲ, ಅದೇ ಒಂದು ಊಟ. ಮಗ ಮೊದಲ ಸಲ ಏನನ್ನಾದರೂ ಎರಡನೇ ಸಲ ಕೇಳಿದ.

ಮೂರನೇ ದಿನ

ಬೆಳಗ್ಗೆ ಆರಕ್ಕೇ ಭಾವ ಎಬ್ಬಿಸಿದರು. ಎಂಟರ ಮೇಲೆ ಕೋಟೆ ಹತ್ತುವುದು ಬೇಡ ಅಂತ. ಭಾವ ಹೈಸ್ಕೂಲ್ ಮೇಷ್ಟ್ರು, ಸಮಾಜ ವಿಜ್ಞಾನ. ರಜೆಯಲ್ಲೂ ಪಾಠ ಮಾಡದೆ ಇರಲು ಅವರಿಂದ ಆಗುವುದಿಲ್ಲ, ಅದು ನಮ್ಮ ಪುಣ್ಯ ಅಂತ ಆಮೇಲೆ ಗೊತ್ತಾಯಿತು.

ರಾಯಚೂರು ಕೋಟೆಯನ್ನು ಹುಡುಕಿಕೊಂಡು ಹೋಗಬೇಕಿಲ್ಲ. ಊರ ನಡುವೆಯೇ ಇದೆ, ಜನ ಅದರ ಬಾಗಿಲಲ್ಲೇ ಗಾಡಿ ಓಡಿಸುತ್ತಾರೆ, ಗೋಡೆಗೆ ಒರಗಿ ಹೂವು ಮಾರುತ್ತಾರೆ. ಎರಡು ಸುತ್ತು. ಒಳಗಿನದು ದೊಡ್ಡ ದೊಡ್ಡ ಕಲ್ಲನ್ನು ಗಾರೆ ಇಲ್ಲದೆ ಒಂದರ ಮೇಲೊಂದು ಕೂರಿಸಿದ್ದು, ಹೊರಗಿನದು ಆಮೇಲೆ ಸುಲ್ತಾನರ ಕಾಲದಲ್ಲಿ ಕಟ್ಟಿದ್ದು. ಕಾಟಿ ದರ್ವಾಜಾ, ನವರಂಗ್ ದರ್ವಾಜಾ ಅಂತೆಲ್ಲ ಬಾಗಿಲುಗಳ ಹೆಸರು.

ಭಾವ ನೇರ ಕರೆದುಕೊಂಡು ಹೋಗಿದ್ದು ಒಳಕೋಟೆಯ ಪಶ್ಚಿಮದ ಗೋಡೆಗೆ. ಅಲ್ಲೊಂದು ಕಲ್ಲು. ಒಂದೇ ಕಲ್ಲು, ಉದ್ದ 41 ಅಡಿ ದಾಟುತ್ತದೆ. ಅದರ ಮೇಲೆ ತೆಲುಗಿನಲ್ಲಿ ಶಾಸನ. ಕಾಕತೀಯರ ಕಾಲದಲ್ಲಿ, 1294ರಲ್ಲಿ, ಗೋರೆ ಗಂಗಯ್ಯ ರೆಡ್ಡಿಯ ದಂಡನಾಯಕ ವಿಠಲನಾಥ ಈ ಕೋಟೆ ಕಟ್ಟಿಸಿದ ಅಂತ. ಅದಕ್ಕಿಂತ ನನಗೆ ಹಿಡಿಸಿದ್ದು ಪಕ್ಕದ ಚಿತ್ರ. ಈ ಕಲ್ಲನ್ನೇ ಬಂಡಿಯ ಮೇಲೆ ಹೇರಿ ಕೋಣಗಳ ಸಾಲು ಕಟ್ಟಿ ಎಳೆಯುವುದು, ಹಿಂದಿನಿಂದ ಜನ ಸನ್ನೆಗೋಲು ಹಾಕಿ ಗಾಲಿ ಮೀಟುವುದು, ಎಲ್ಲ ಅಲ್ಲೇ ಕೆತ್ತಿದೆ. ಇಷ್ಟು ಕಷ್ಟಪಟ್ಟು ತಂದಿದ್ದೇವೆ, ರಾಜನ ಹೆಸರೊಂದೇ ಯಾಕಿರಬೇಕು ಅಂತ ಕಲ್ಲುಕುಟಿಗರಿಗೆ ಅನಿಸಿರಬೇಕು. ಇದು ನನ್ನ ಊಹೆ, ಭಾವ ಒಪ್ಪಲಿಲ್ಲ.

ಮಕ್ಕಳು ಕೋಣ ಎಣಿಸಲು ಹೋಗಿ ಜಗಳವಾಡಿದರು, ಒಬ್ಬರ ಲೆಕ್ಕ ಇನ್ನೊಬ್ಬರಿಗೆ ಸರಿ ಬರಲಿಲ್ಲ. ಮಗ, "ಈ ಚಿತ್ರ ಕಲ್ಲು ಬರೋದಕ್ಕೆ ಮುಂಚೆ ಬರೆದಿದ್ದಾ, ಬಂದ ಮೇಲಾ?" ಅಂದ. ಭಾವ ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದು ಪರೀಕ್ಷೆಕ್ಕ ಬರೂದಿಲ್ಲ, ಆದ್ರ ಪ್ರಶ್ನಿ ಚಲೋ ಐತಿ" ಅಂದರು. ಕಾರಹುಣ್ಣಿಮೆಗೆ ಬಂದರೆ ಈಗಲೂ ಈ ಊರಲ್ಲಿ ಎತ್ತುಗಳು ಭಾರದ ಕಲ್ಲು ಎಳೆಯುವ ಪಂದ್ಯ ನೋಡಬಹುದಂತೆ. ಆಗ ಶಾಲೆ ಶುರುವಾಗಿರುತ್ತದಲ್ಲ ಅಂತ ಮಗನಿಗೆ ಬೇಜಾರು.

ಆಮೇಲೆ ಬೆಟ್ಟ ಹತ್ತಿದೆವು. ಬುಡದಲ್ಲಿ ಮಾವಿನಕೆರೆ, ಮೇಲೆ ಹಳೇ ಗೋಡೆ, ದರ್ಗಾ. ತುದಿಯಲ್ಲಿ ಕೂತರೆ ಊರೆಲ್ಲ ಅಂಗೈಯಲ್ಲಿಟ್ಟ ಹಾಗೆ. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ, ಎರಡು ಹೊಳೆಯ ನಡುವಿನ ಈ ನೆಲಕ್ಕೆ ಹಳೆಗನ್ನಡದಲ್ಲಿ ಎಡೆದೊರೆ ನಾಡು ಅಂತ ಹೆಸರು. ಇದಕ್ಕಾಗಿ ಬಹಮನಿಯವರೂ ವಿಜಯನಗರದವರೂ ತಲೆಮಾರುಗಟ್ಟಲೆ ಬಡಿದಾಡಿದರು. 1520ರಲ್ಲಿ ಕೃಷ್ಣದೇವರಾಯ ವಿಜಾಪುರದ ಸುಲ್ತಾನ ಇಸ್ಮಾಯಿಲ್ ಆದಿಲ್ ಷಾನನ್ನು ಸೋಲಿಸಿ ಕೋಟೆ ಹಿಡಿದಾಗ ರಾಯನ ಕಡೆ ಪೋರ್ಚುಗೀಸ್ ಬಂದೂಕುಗಾರರೂ ಇದ್ದರು. ಗೋಡೆಯ ಮೇಲಿಂದ ತಲೆ ಹಾಕಿದವರನ್ನು ಅವರು ಹೊಡೆದು ಬೀಳಿಸುತ್ತಿದ್ದರೆ, ಕೆಳಗೆ ಜನ ಗಡಾರಿ ಹಿಡಿದು ಗೋಡೆಯ ಕಲ್ಲು ಕೀಳುತ್ತಿದ್ದರಂತೆ. ಭಾವ ಕೈ ಬೀಸಿ ಬೀಸಿ ಹೇಳಿದರು. ಇಳಿಯುವಾಗ ಮಗ ಪ್ರತಿ ಮುರಿದ ಗೋಡೆಯ ಹತ್ತಿರ ನಿಂತು ಇದೇನಾ ಇದೇನಾ ಅಂತ ಕೇಳಿದ.

ವಾಪಸ್ ಬರುವಾಗ ಏಕ್ ಮಿನಾರ್ ಮಸೀದಿ ತೋರಿಸಿದರು. 1513ರದು. ಹೆಸರೇ ಹೇಳುವ ಹಾಗೆ ಒಂದೇ ಮಿನಾರು, 65 ಅಡಿ ಎತ್ತರ. ಜೋಡಿಯ ಇನ್ನೊಂದು ಯಾವಾಗ ಬಿತ್ತು ಅಂತ ಕೇಳಲು ಹೊರಟಿದ್ದೆ, ಸದ್ಯ ಕೇಳಲಿಲ್ಲ.

ನಾಲ್ಕನೇ ದಿನ

ಮಸ್ಕಿಗೆ ಹೋಗಬೇಕು ಅಂದಿದ್ದು ಮಗಳು. ಅಶೋಕನ ಪಾಠದಲ್ಲಿ ಮಸ್ಕಿ ಹೆಸರು ಬರುತ್ತದೆ, ಅಷ್ಟು ಹತ್ತಿರ ಬಂದು ನೋಡದೆ ಹೋದರೆ ಹೇಗೆ ಅಂತ. ಹತ್ತಿರ ಅಂದರೆ ಸುಮಾರು 80 ಕಿಲೋಮೀಟರ್. ಬಾಡಿಗೆ ಕಾರು ಹೇಳಿದೆವು.

ದಾರಿಯುದ್ದಕ್ಕೂ ಹತ್ತಿ. ಕೆಲವು ಹೊಲದಲ್ಲಿ ಆಗಲೇ ಅರಳಿತ್ತು. ಮಸ್ಕಿಯಲ್ಲಿ ಶಾಸನ ಇರುವುದು ಊರ ಪಕ್ಕದ ಗುಡ್ಡದಲ್ಲಿ, ಬಂಡೆಗಳ ಸಂದಿಯ ಗುಹೆಯಂಥ ಜಾಗದಲ್ಲಿ. ಮಗಳು ದೊಡ್ಡ ಕಂಬ, ಸಿಂಹ ಏನೇನೋ ಕಲ್ಪಿಸಿಕೊಂಡಿದ್ದಳು. ಅಲ್ಲಿ ಕಂಡದ್ದು ಒಂದು ಬಂಡೆ, ಅದರ ಮೇಲೆ ಕೋಳಿ ಕೆರೆದ ಹಾಗೆ ಕೆಲವು ಸಾಲು. "ಇಷ್ಟೇನಾ?" ಅಂದಳು.

ಭಾವ ಅದಕ್ಕೇ ಕಾಯುತ್ತಿದ್ದರು ಅನಿಸುತ್ತದೆ. ಬೇರೆ ಬೇರೆ ಕಡೆ ಬಂಡೆಗಳ ಮೇಲೆ ದೇವಾನಾಂಪ್ರಿಯ ಅನ್ನುವ ರಾಜನ ಮಾತುಗಳು ಸಿಕ್ಕಿದ್ದವು. ಬ್ರಾಹ್ಮಿ ಲಿಪಿ ಓದುವುದನ್ನು ಜೇಮ್ಸ್ ಪ್ರಿನ್ಸೆಪ್ 1837ರಲ್ಲಿ ಕಂಡುಹಿಡಿದ. ದೇವಾನಾಂಪ್ರಿಯ ಅಂದರೆ ಅಶೋಕನೇ ಇರಬೇಕು ಅಂತ ಬೌದ್ಧ ಗ್ರಂಥಗಳ ಆಧಾರದ ಮೇಲೆ ವಿದ್ವಾಂಸರು ಹೇಳುತ್ತಿದ್ದರು. ಆದರೆ ಬಂಡೆಗಳ ಮೇಲೆ ಹೆಸರು ಸಿಕ್ಕಿರಲಿಲ್ಲ. 1915ರಲ್ಲಿ ಬೀಡನ್ ಅನ್ನುವ ಗಣಿ ಎಂಜಿನಿಯರ್ ಈ ಶಾಸನ ನೋಡಿದ. ಮೊದಲ ಸಾಲಿನಲ್ಲೇ ದೇವಾನಂಪಿಯಸ ಅಸೋಕಸ ಅಂತ ಇದೆ. ಆಮೇಲೆ ಬಳ್ಳಾರಿ ಕಡೆ ನಿಟ್ಟೂರು, ಉಡೇಗೋಳದಲ್ಲೂ ಆ ಹೆಸರು ಸಿಕ್ಕಿತು, ಆದರೆ ಮೊದಲು ಸಿಕ್ಕಿದ್ದು ಇಲ್ಲಿ.

"ಅಂವ ಹುಡುಕಾಕ ಬಂದಿದ್ದು ಬಂಗಾರ, ಸಿಕ್ಕಿದ್ದು ಅಶೋಕ" ಅಂದರು ಭಾವ. ಈ ಕಡೆ ನೆಲದಲ್ಲಿ ಬಂಗಾರ ಇರುವುದು ನಿಜ. ಇದೇ ಜಿಲ್ಲೆಯ ಹಟ್ಟಿಯಲ್ಲಿ ಈಗಲೂ ಚಿನ್ನ ತೆಗೆಯುತ್ತಾರೆ. ನಮ್ಮ ಕಡೆಯವರಿಗೆ ಚಿನ್ನದ ಗಣಿ ಅಂದರೆ ಕೆಜಿಎಫ್ ಒಂದೇ. ಅದು 2001ರಲ್ಲೇ ಮುಚ್ಚಿಹೋಗಿದೆ ಅಂತ ನೆನಪಿಸಿದರೂ ನಮಗೆ ಹಟ್ಟಿ ನೆನಪಾಗುವುದಿಲ್ಲ. ಮಗಳು ಮತ್ತೆ ಹೋಗಿ ಬಂಡೆ ನೋಡಿದಳು. ಈ ಸಲ ಮೊದಲ ಸಾಲನ್ನು ನೋಟ್‌ಬುಕ್ಕಿನಲ್ಲಿ ಹಾಗೆಯೇ ಚಿತ್ರ ಬರೆದುಕೊಂಡಳು.

ವಾಪಸ್ ಸಿಂಧನೂರು, ಮಾನ್ವಿ ಮೇಲೆ ಬಂದೆವು. ಅಲ್ಲಿ ನೋಟವೇ ಬದಲು. ಹತ್ತಿ ಹೋಗಿ ಕಣ್ಣು ಹಾಯುವವರೆಗೂ ಭತ್ತ. ಮಂಡ್ಯದಲ್ಲಿ ಇಳಿದ ಹಾಗಾಯಿತು. ತುಂಗಭದ್ರಾ ಎಡದಂಡೆ ಕಾಲುವೆ ನೀರು ಇದು. ಕಾಲುವೆ ರಾಯಚೂರಿನವರೆಗೂ ಇದೆ, ನೀರು ಮಾತ್ರ ಮೇಲಿನ ಹೊಲಗಳಲ್ಲೇ ಖರ್ಚಾಗಿ ಕೊನೆಯವರಿಗೆ ಸಿಗುವುದು ಕಷ್ಟ. ಕೊನೇ ಭಾಗದ ರೈತರು ಪ್ರತಿ ವರ್ಷ ರಸ್ತೆಗೆ ಇಳಿಯುತ್ತಾರಂತೆ. ಕೆಆರ್‌ಎಸ್ ಕಾಲುವೆ ಕೊನೆಯಲ್ಲಿರುವ ನಮ್ಮ ಚಿಕ್ಕಪ್ಪನ ಮಾತೂ ಇದೇ.

ಆ ಭತ್ತದ ನಡುವೆಯೇ ಕಾರು ಪಂಕ್ಚರ್ ಆಯಿತು. ಸ್ಟೆಪ್ನಿ ತೆಗೆದರೆ ಅದರಲ್ಲೂ ಗಾಳಿ ಇಲ್ಲ. ಡ್ರೈವರು ಮಾಲೀಕನಿಗೆ ಫೋನ್ ಮಾಡಿ ಬೈದ, ಮಾಲೀಕ ಇವನಿಗೆ ಬೈದ. ಕೊನೆಗೆ ಟ್ರ್ಯಾಕ್ಟರಿನ ಒಬ್ಬ ಹುಡುಗ ಚಕ್ರವನ್ನೂ ಡ್ರೈವರನ್ನೂ ಕೂರಿಸಿಕೊಂಡು ಹೋದ. ಒಂದೂವರೆ ತಾಸು ರಸ್ತೆ ಬದಿ ಕೂತೆವು. ಪಕ್ಕದ ಹೊಲದ ಮನೆಯವರು ಕರೆದು ಮಜ್ಜಿಗೆ ಕೊಟ್ಟರು, ಯಾವೂರು ಅಂತ ಕೇಳಿದರು. ಮೈಸೂರು ಅಂದೆ. "ಎಲ್ಲಾರೂ ಅಲ್ಲಿಗೆ ಹೊಂಟಾರ, ನೀವು ಇಲ್ಲಿಗೆ ಬಂದೀರಲ್ರೀ!" ಅಂತ ಆ ಅಜ್ಜ ಜೋರಾಗಿ ನಕ್ಕರು. ಬಾಡಿಗೆಯಲ್ಲಿ ಒಂದು ರೂಪಾಯಿಯನ್ನೂ ಬಿಡಲಿಲ್ಲ ಆ ಮಾಲೀಕ, ಅದಿನ್ನೂ ಹೊಟ್ಟೆ ಉರಿ.

ಐದನೇ ದಿನ

ಆಯುಧಪೂಜೆ, ಇಲ್ಲಿಯ ಬಾಯಲ್ಲಿ ಖಂಡೇ ಪೂಜೆ. ಮನೆಯಲ್ಲಿದ್ದ ಬೈಕು, ಹೊಲಿಗೆ ಮೆಷಿನ್ನು, ಈಳಿಗೆ, ಭಾವನ ಪುಸ್ತಕ ಎಲ್ಲಕ್ಕೂ ಕುಂಕುಮ. ಮಗ ತನ್ನ ಕ್ರಿಕೆಟ್ ಬ್ಯಾಟ್ ಮೈಸೂರಲ್ಲೇ ಉಳಿಯಿತಲ್ಲ ಅಂತ ಅತ್ತ. ಅಕ್ಕನ ಮಗ ತನ್ನ ಬ್ಯಾಟು ತಂದು, "ಇದರಾಗ ಅರ್ಧ ನಿಂದು" ಅಂದ. ಹೋಳಿಗೆ ಊಟ, ಆಮೇಲೆ ಎಲ್ಲರಿಗೂ ನಿದ್ದೆ. ಬರೆಯುವಂಥದ್ದು ಇನ್ನೇನೂ ಆಗಲಿಲ್ಲ.

ಆರನೇ ದಿನ

ವಿಜಯದಶಮಿ. ಮಧ್ಯಾಹ್ನದಿಂದಲೇ ಟಿವಿ ಮುಂದೆ ಕೂತೆವು. ಬೇರೆ ವರ್ಷ ನಾವು ಮನೆಯಲ್ಲಿದ್ದೂ ಜಂಬೂಸವಾರಿ ನೋಡಲು ಹೋಗುವುದಿಲ್ಲ. ಇಲ್ಲಿ 500 ಕಿಲೋಮೀಟರ್ ದೂರದಲ್ಲಿ ಕೂತು ಒಂದು ಆನೆಯನ್ನೂ ಬಿಡದೆ ನೋಡಿದೆವು. ಮಕ್ಕಳು ಜನರ ನಡುವೆ ಅಪ್ಪ ಕಾಣುತ್ತಾರಾ ಅಂತ ಹುಡುಕಿದರು. ಆನೆ ಬೆನ್ನಿನ ಮೇಲಿರುವುದು 750 ಕೆಜಿ ಅಂಬಾರಿ ಅಂತ ಟಿವಿಯವರು ಹತ್ತನೇ ಸಲ ಹೇಳುತ್ತಿದ್ದಾಗ ಅಕ್ಕ, "ಅಯ್ಯೋ ನೋಡೇ, ಕೆ.ಆರ್. ಸರ್ಕಲ್! ಅಲ್ಲೇ ಅಲ್ವೇನೇ ನನ್ನ ಚಪ್ಪಲಿ ಕಿತ್ತೋಗಿದ್ದು, ನೀನು ಅಪ್ಪನ ಹೆಗಲ ಮೇಲೆ ಕೂತಿದ್ದೆ" ಅಂದಳು.

ವಾರವೆಲ್ಲ ಹೂಂ ರೀ, ಬರ್ರಿ, ಕುಂದರ್ರಿ ಅಂತಿದ್ದವಳ ಬಾಯಲ್ಲಿ ಒಂದೇ ಉಸಿರಿಗೆ ಮೈಸೂರು ಬಂದುಬಿಟ್ಟಿತು. ಅವಳ ಮಗ ಅಮ್ಮನ ಮುಖವನ್ನೇ ನೋಡುತ್ತಿದ್ದ.

ಮೆರವಣಿಗೆ ಬನ್ನಿಮಂಟಪದ ಕಡೆ ಹೊರಟಾಗ ನನ್ನ ಮಗನದೊಂದು ಪ್ರಶ್ನೆ. ಎಲ್ಲರನ್ನೂ ಬನ್ನಿ ಬನ್ನಿ ಅಂತ ಕರೆಯುತ್ತಾರಲ್ಲ, ಅದಕ್ಕೇ ಅದು ಬನ್ನಿಮಂಟಪವಾ? ಅಂದರೆ ರಾಯಚೂರಲ್ಲಿ ಇದ್ದಿದ್ದರೆ ಬರ್ರಿಮಂಟಪ ಅನ್ನಬೇಕಿತ್ತಾ? ಭಾವ ನಕ್ಕು ನಕ್ಕು ಕಣ್ಣು ಒರೆಸಿಕೊಂಡರು. ನನಗೆ ಸ್ವಲ್ಪ ನಾಚಿಕೆಯೇ ಆಯಿತು. ಬನ್ನಿಮಂಟಪದ ಬಸ್ಸಿನಲ್ಲಿ ದಿನಾ ಓಡಾಡುವ ಮಗುವಿಗೆ ಬನ್ನಿ ಒಂದು ಮರ ಅಂತ ನಾನು ಹೇಳಿಯೇ ಇಲ್ಲ.

ಸಂಜೆ ಮರವನ್ನೇ ತೋರಿಸಿದರು. ಹೊಸ ಬಟ್ಟೆ ಹಾಕಿಕೊಂಡು ಊರಂಚಿನ ಗುಡಿಗೆ ಹೋದೆವು, ಮರದ ಸುತ್ತ ಜನವೋ ಜನ. ಮುಳ್ಳಿನ ಮರ, ಸಣ್ಣ ಸಣ್ಣ ಎಲೆ. ಪಾಂಡವರು ಆಯುಧ ಬಚ್ಚಿಟ್ಟಿದ್ದ ಶಮೀವೃಕ್ಷ ಇದೇ. ಪೂಜೆ ಆದ ಮೇಲೆ ಎಲ್ಲರೂ ಒಂದೊಂದು ಹಿಡಿ ಎಲೆ ತೆಗೆದುಕೊಂಡು ಒಬ್ಬರ ಕೈಗೊಬ್ಬರು ಇಡುವುದು, "ಬನ್ನಿ ತಗೊಂಡು ಬಂಗಾರದಂಗ ಇರೋಣ್ರಿ" ಅನ್ನುವುದು. ಸಣ್ಣವರು ದೊಡ್ಡವರ ಕಾಲಿಗೆ ಬೀಳಬೇಕು. ವರ್ಷವಿಡೀ ಮಾತು ಬಿಟ್ಟವರೂ ಇವತ್ತು ಎದುರಾದರೆ ಬನ್ನಿ ಕೊಡದೆ ಹೋಗುವ ಹಾಗಿಲ್ಲ. ಮಗ ಕಂಡಕಂಡವರಿಗೆಲ್ಲ ಕೊಟ್ಟ, ಪೊಲೀಸಿನವರಿಗೂ ಕೊಟ್ಟ. ಮನೆಗೆ ಬಂದರೆ ಬೀದಿಗೆ ಬೀದಿಯೇ ಅಜ್ಜಿಯ ಕಾಲಿಗೆ ಬೀಳಲು ಬಂದಿತ್ತು. ರಾತ್ರಿ ಹತ್ತರ ಹೊತ್ತಿಗೆ ಅವರ ತಾಟಿನಲ್ಲಿ ಎಲೆಯ ಗುಡ್ಡೆ.

ನಾನು ಭಾವನಿಗೆ ಕೊಟ್ಟಿರಲಿಲ್ಲ. ಮರೆತಿದ್ದಲ್ಲ. ಮದುವೆಗೆ ಮುಂಚೆ ಮನೆಯಲ್ಲಿ ಗಲಾಟೆ ಆದಾಗ ನಾನೂ ಅವರಿಗೆ ಒಂದು ಮಾತು ಅಂದಿದ್ದೆ, ಅವರ ಊರು, ಅವರ ಮಾತಿನ ಧಾಟಿ ಸೇರಿಸಿ. ಆಗ ನನಗೆ ಇಪ್ಪತ್ತು ವರ್ಷ. ಅವರು ಇಷ್ಟು ವರ್ಷದಲ್ಲಿ ಒಮ್ಮೆಯೂ ಅದನ್ನು ಎತ್ತಿಲ್ಲ, ನಾನೂ ಎತ್ತಿಲ್ಲ. ಮಾಳಿಗೆ ಮೇಲೆ ಒಬ್ಬರೇ ನಿಂತಿದ್ದರು. ಹೋಗಿ ಕೈಯಲ್ಲಿ ಎಲೆ ಇಟ್ಟು ಕಾಲು ಮುಟ್ಟಿದೆ. "ಬನ್ನಿ ತಗೊಂಡು" ಅಂತ ಶುರು ಮಾಡಿದೆ, ಮುಂದಿನದು ಗಂಟಲಲ್ಲೇ ನಿಂತಿತು. "ಇರೋಣ್ ಬಿಡ್ರಿ, ಬಂಗಾರದಂಗ ಅದೀವಿ" ಅಂದರು.

ಆಮೇಲೆ ಅಪ್ಪನಿಗೆ ವಿಡಿಯೋ ಕಾಲ್ ಮಾಡಿದೆವು. ಮಕ್ಕಳು ಮಾತಾಡಿದರು, ಅಕ್ಕ ಮಾತಾಡಿದಳು. ಇದ್ದಕ್ಕಿದ್ದ ಹಾಗೆ ಅಕ್ಕ ಫೋನನ್ನು ಭಾವನ ಕೈಗೆ ಕೊಟ್ಟಳು. ಭಾವ ಎದ್ದು ನಿಂತು, "ಮಾಮಾ, ಬನ್ನಿ ತಗೊಂಡು ಬಂಗಾರದಂಗ ಇರೋಣ್ರಿ" ಅಂದರು. ಅಪ್ಪ ಕನ್ನಡಕ ಸರಿ ಮಾಡಿಕೊಂಡು, "ಹೂಂ... ಹೂಂ. ಅಲ್ಲಿ ಮಳೆ ಹೇಗೆ?" ಅಂದರು.

ಏಳನೇ ದಿನ

ರೈಲು ರಾತ್ರಿಗೆ. ಬೆಳಗ್ಗೆ ಶಕ್ತಿನಗರದ ಕಡೆ ಕೃಷ್ಣೆ ನೋಡಲು ಹೋದೆವು. ಮಳೆ ಚೆನ್ನಾಗಿ ಆಗಿದ್ದರಿಂದ ಹೊಳೆ ಕೆಂಪಗೆ, ಅಗಲಕ್ಕೆ ಹರಿಯುತ್ತಿತ್ತು. 1940ರ ದಶಕದಲ್ಲಿ ನಿಜಾಮರ ಆಳ್ವಿಕೆಯಲ್ಲಿ ಕಟ್ಟಿದ ಸೇತುವೆ, ಆಚೆ ದಡದಿಂದ ತೆಲಂಗಾಣ. ಈಚೆ ಶಾಖೋತ್ಪನ್ನ ಕೇಂದ್ರದ ಚಿಮಣಿಗಳು. ಕಲ್ಲಿದ್ದಲು ರೈಲಿನಲ್ಲಿ ಬರುತ್ತದೆ, ನೀರು ಹೊಳೆಯಿಂದ. ಮೊದಲ ಘಟಕ 1985ರದು, ಈಗ ಎಂಟು ಘಟಕ, ಒಟ್ಟು 1720 ಮೆಗಾವ್ಯಾಟ್.

"ನಿಮ್ಮ ಅರಮನಿ ದೀಪ ಎಲ್ಲಿಂದ ಉರಿತಾವ ಅಂದ್ಕೊಂಡೀರಿ?" ಅಂದಳು ಅಕ್ಕ. ಮತ್ತೆ ರಾಯಚೂರಿನವಳಾಗಿದ್ದಳು. ಎರಡನೇ ದಿನದ ಕರೆಂಟು ನೆನಪಾಗಿ ನಾನು, ದೀಪದ ಬುಡದಲ್ಲಿ ಕತ್ತಲೆ ಅಂದೆ. ಅವಳು ನನ್ನ ಬೆನ್ನಿಗೊಂದು ಗುದ್ದಿದಳು, ಚಿಕ್ಕಂದಿನಲ್ಲಿ ಗುದ್ದುತ್ತಿದ್ದ ಹಾಗೆಯೇ. ಈ ಸಲ ಬಹುವಚನ ಇರಲಿಲ್ಲ.

ಹೊರಡುವಾಗ ಬ್ಯಾಗು ಎರಡರಿಂದ ನಾಲ್ಕಾಯಿತು. ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅಜ್ಜಿ ಹೊಲಿದ ಒಂದು ಕೌದಿ. ಹಿಂಡಿಯ ಡಬ್ಬಿ ರೈಲಿನಲ್ಲಿ ಬಾಯಿ ತೆರೆದು ಮಗನ ಸ್ವೆಟರಿಗೆಲ್ಲ ಮೆತ್ತಿತು. ಎರಡು ಸಲ ಒಗೆದರೂ ಬೆಳ್ಳುಳ್ಳಿ ವಾಸನೆ ಹೋಗಿಲ್ಲ.

ಮಗಳು ಸಮಾಜ ವಿಜ್ಞಾನದ ಪುಸ್ತಕದಲ್ಲಿ ಒಂದು ಹಿಡಿ ಬನ್ನಿ ಇಟ್ಟುಕೊಂಡು ಬಂದಿದ್ದಳು. ಮುಂದಿನ ಭಾನುವಾರ ತಾತನ ಮನೆಗೆ ಹೋದಾಗ ತೆಗೆದಳು. ಒಣಗಿ ಅರ್ಧ ಪುಡಿಯಾಗಿತ್ತು. ಮಗ ಅದನ್ನು ತಾತನ ಕೈಗಿಟ್ಟು, ಅಕ್ಕನ ಮನೆಯವರ ಧಾಟಿಯಲ್ಲೇ, "ಬಂಗಾರದಂಗ ಇರೋಣ್ರಿ" ಅಂದ. ಅಪ್ಪ ಏನೂ ಅನ್ನಲಿಲ್ಲ. ಎಲೆಗಳನ್ನು ಅಂಗಿ ಜೇಬಿಗೆ ಹಾಕಿಕೊಂಡರು, ಪೇಪರ್ ಎತ್ತಿಕೊಂಡರು, ಮತ್ತೆ ಕೆಳಗಿಟ್ಟರು.

"ಆ ರೈಲಲ್ಲಿ ಲೋಯರ್ ಬರ್ತ್ ಸಿಗುತ್ತೇನೇ?"